ಕಾಲುವೆಗೋ, ಹೊಳೆಗೋ

ಆ ಊರಿನವರು ಆಟದಲ್ಲಿ ಹೇಗೆ ಸೋತರು ಎಂದು ತೋರಿಸುವ ಚಿತ್ರ ನನ್ನ ಲ್ಯಾಪ್‌ಟಾಪಿನಲ್ಲಿ ಇನ್ನೂ ಇದೆ. ಮೇಲ್ಗಡೆ ದಿಣ್ಣೆಯ ಮೇಲೊಂದು ಶಾಲೆ, ನಡುವೆ ಊರು, ಕೆಳಗೆ ಭತ್ತದ ಗದ್ದೆ, ಅದರಾಚೆ ತುಂಗಭದ್ರೆ. ಆಡಿದ ಒಬ್ಬೊಬ್ಬರ ಬೆರಳು ಹೋದ ದಾರಿಗೆ ಒಂದೊಂದು ಕೆಂಪು ಗೆರೆ. ಗೆರೆಗಳು ಊರಿನಿಂದ ಹೊರಟು ಶಾಲೆಯ ಕಡೆ ಏರಬೇಕಿತ್ತು. ಹೆಚ್ಚುಕಡಿಮೆ ಎಲ್ಲವೂ ಕೆಳಗಿಳಿದು ಗದ್ದೆಯಲ್ಲಿ ನಿಂತಿದ್ದವು.

ಅದು ಟ್ಯಾಬ್‌ನಲ್ಲಿ ಆಡುವ ಆಟ. ಹೊಳೆದಂಡೆಯ ಊರುಗಳ ಜನ ಪ್ರವಾಹಕ್ಕೆ ಮೊದಲೇ ಸಿದ್ಧರಾಗಲಿ ಎಂದು ನಮ್ಮ ಸಂಸ್ಥೆ ಮಾಡಿಸಿದ್ದು. ಆಡುವವರಿಗೆ ಒಂದು ಮನೆ, ಮನೆಯಲ್ಲಿ ಮೂವರು, ಒಂದು ಎಮ್ಮೆ, ಒಂದು ಕಾಗದಪತ್ರದ ಚೀಲ ಸಿಗುತ್ತದೆ. ಒಂದು ಧ್ವನಿ ಎಚ್ಚರಿಕೆ ಕೊಡುತ್ತದೆ. ಆಮೇಲೆ ನಾಲ್ಕು ನಿಮಿಷದಲ್ಲಿ ಯಾರನ್ನು, ಏನನ್ನು, ಯಾವ ದಾರಿಯಲ್ಲಿ ಒಯ್ಯಬೇಕೆಂದು ಅವರೇ ತೀರ್ಮಾನಿಸಬೇಕು. ಶುರುವಿಗೆ ನೂರು ಅಂಕ. ಹೊಳೆಯ ಕಡೆ ಇಟ್ಟ ಪ್ರತಿ ಹೆಜ್ಜೆಗೂ ಅಂಕ ಇಳಿಯುತ್ತದೆ. ಯಾವ ಕ್ಷಣಕ್ಕೆ ಬೆರಳು ಎಲ್ಲಿ ಮುಟ್ಟಿತು ಎಂಬುದೆಲ್ಲ ಒಳಗೆ ದಾಖಲಾಗುತ್ತದೆ. ಟ್ಯಾಬ್‌ಗಳನ್ನು ಊರಿಗೊಯ್ದು ಆಡಿಸುವುದು, ಆ ದಾಖಲೆ ಓದುವುದು, ಆಟದಲ್ಲಿ ಏನು ಬದಲಾಗಬೇಕೆಂದು ಹೇಳುವುದು ನನ್ನ ಕೆಲಸ. ನನ್ನ ಪಾಲಿಗೆ ಬಂದದ್ದು ಕಂಪ್ಲಿಯ ಕಡೆಯ ಹೊಳೆದಂಡೆ. ಸಂಡೂರಿನ ಕಡೆಯ ಹಳ್ಳಗಳಿಗೆ ಬೇರೆ ಆಟವಿತ್ತು, ಅದನ್ನು ಬೇರೆಯವರು ನೋಡುತ್ತಿದ್ದರು.

ಮೊದಲ ಪರೀಕ್ಷೆ ನಡೆದದ್ದು ಆ ಊರಿನ ಶಾಲೆಯ ಪಡಸಾಲೆಯಲ್ಲಿ. ಮಹಿಳಾ ಸಂಘದವರು ಬಂದಿದ್ದರು, ಅವರ ಹಿಂದೆ ಒಂದಷ್ಟು ಗಂಡಸರು ಕೈಕಟ್ಟಿ ನಿಂತಿದ್ದರು. ಮೊದಲು ಕೂತವರು ಸಂಘದ ಅಧ್ಯಕ್ಷೆ. ಹೊಳೆಯ ಮಗ್ಗುಲಲ್ಲೇ ಗದ್ದೆ ಮಾಡುವವರು, ನನಗಿಂತ ಒಂದಿಪ್ಪತ್ತು ವರ್ಷ ದೊಡ್ಡವರು. ಮೊಬೈಲಿನಲ್ಲಿ ಆಡಿ ಅಭ್ಯಾಸವಿದ್ದ ಬೆರಳು, ಚುರುಕಾಗಿ ಓಡುತ್ತಿತ್ತು.

ಟ್ಯಾಬ್ ಮಾತಾಡಿತು: “ಗಮನಿಸಿ. ಜಲಾಶಯದಿಂದ ನೀರು ಬಿಡಲಾಗಿದೆ.”

ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ಪರದೆಯ ಮೇಲಿನ ಹೆಂಗಸನ್ನು ಸರಸರ ಗದ್ದೆಗೆ ಎಳೆದುಕೊಂಡು ಹೋದರು. ಆಮೇಲೆ ಪರದೆಯ ಮೂಲೆಮೂಲೆ ಒತ್ತಿ ನೋಡಿದರು.

“ಇದ್ರಾಗ ಸಲಿಕಿ ಎಲ್ಲೈತ್ರಿ?”

“ಸಲಿಕಿ ಇಟ್ಟಿಲ್ಲ ಅಕ್ಕ.”

“ಸಲಿಕಿ ಇಲ್ದ ಎಂಥ ಆಟ ಮಾಡೀರವ್ವ!”

ಅಷ್ಟರಲ್ಲಿ ಪರದೆ ಕೆಂಚಾಯಿತು. ‘ನೀವು ಮುಳುಗಿದಿರಿ’ ಎಂಬ ಅಕ್ಷರ ಬಂತು.

“ಯವ್ವಾ, ಮುಳುಗಿಸೇ ಬಿಟ್ಲಲ್ಲ ಈ ಹುಡುಗಿ ನನ್ನ!”

“ನಿನ್ನ ಭಾರಕ್ಕ ಹೊಳಿನ ಮುಳುಗಿರ್ತೈತಿ, ಸುಮ್ನ ಏಳು,” ಎಂದರು ಹಿಂದಿನಿಂದ ಯಾರೋ. ಪಡಸಾಲೆ ತುಂಬ ನಗು.

“ಅಕ್ಕ, ಯಾಕ ಕೆಳಗ ಹೋದ್ರಿ?” ಎಂದು ಕೇಳಿದೆ.

“ನೀರು ಬಿಟ್ರ ಗದ್ದಿಗೆ ಹೋಗದ ಮನ್ಯಾಗ ಕುಂದ್ರಬೇಕೇನು?”

ಅದನ್ನು ನಾನು ರೆಕಾರ್ಡ್ ಮಾಡಿಕೊಂಡೆ. ಉಳಿದವರೂ ಆಡಿದರು, ಅದೇ ದಾರಿಯಲ್ಲಿ ಹೋಗಿ ಅದೇ ರೀತಿ ಮುಳುಗಿದರು. ಬಸ್ಸಿನಲ್ಲಿ ಹೊಸಪೇಟೆಗೆ ಮರಳುವಾಗ ಡೈರಿಯಲ್ಲಿ ಬರೆದೆ: ‘ನದಿಪಾತ್ರದ ಜನರಲ್ಲಿ ಅಪಾಯದ ಅರಿವು ಕಡಿಮೆ.’ ಚೊಕ್ಕವಾದ ವಾಕ್ಯ ಎಂದು ಅನಿಸಿತ್ತು. ಈ ಕಥೆಯಲ್ಲಿ ಬರುವ ಮೊದಲ ತಪ್ಪು ನನ್ನದು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ಯೋಜನೆಯ ಸಂಯೋಜಕರಿಗೆ ಆ ವಾಕ್ಯ ಬಹಳ ಹಿಡಿಸಿತು. ಕೆಟ್ಟ ಮನುಷ್ಯರಲ್ಲ. ವರದಿ ಚೆನ್ನಾಗಿದ್ದರೆ ಕೆಲಸವೂ ಚೆನ್ನಾಗಿದೆ ಎಂದು ನಂಬಿದವರು.

“ಇದನ್ನ ಮೊದಲನೇ ಪುಟಕ್ಕ ಹಾಕಮ್ಮ,” ಎಂದರು. “ಈಗ ಎಲ್ಲಾರೂ ಮುಳುಗ್ಯಾರ. ಭಾಳ ಛಲೋ ಆತು. ತರಬೇತಿ ಕೊಡೋಣ, ತಿರುಗಿ ಆಡ್ಸೋಣ, ಎಲ್ಲಾರೂ ಪಾರಾಗ್ತಾರ. ಪರಿಶೀಲನಾ ಸಮಿತಿ ಮುಂದ ಎರಡೂ ಚಿತ್ರ ಇಟ್ರ ಮುಗೀತು.”

ತರಬೇತಿ ಎಂದರೆ ಏನು ಎಂದು ಕೇಳಿದೆ.

“ನೀರು ಬಿಡಲಾಗಿದೆ ಅಂದ ಕೂಡ್ಲೆ ಶಾಲಿ ಕಡಿ ಒತ್ರಿ ಅಂತ ಹೇಳಿಕೊಡೋದು. ಇನ್ನೇನೈತಿ ಅದ್ರಾಗ?”

ಆಗ ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಆಮೇಲಿನ ಭಾನುವಾರ ಮನೆಯಲ್ಲಿ ಕೂತು ವರದಿ ಬರೆಯುತ್ತಿದ್ದೆ. ನಮ್ಮ ಓಣಿಗೆ ನಳದ ನೀರು ದಿನ ಬಿಟ್ಟು ದಿನ ಬರುತ್ತದೆ. ಅಡುಗೆಮನೆಯಿಂದ ಅಮ್ಮ ಕೂಗಿದರು: “ನೀರು ಬಿಟ್ಟಾರ, ನೋಡ!” ನಾನು ಎದ್ದೆ, ಮೋಟರಿನ ಸ್ವಿಚ್ ಹಾಕಿದೆ, ಬಂದು ಕೂತೆ. ಅರ್ಧಕ್ಕೆ ನಿಂತಿದ್ದ ಸಾಲನ್ನು ಮುಂದುವರಿಸಲು ಹೋದೆ, ಆಗಲಿಲ್ಲ. ‘ನೀರು ಬಿಟ್ಟಾರ’ ಎಂದು ಕೇಳಿ ನಾನು ಹೆದರಿರಲಿಲ್ಲ. ಯಾವ ನೀರು, ಯಾರು ಬಿಟ್ಟರು, ಎಲ್ಲಿಗೆ ಬಿಟ್ಟರು ಎಂದು ಕೇಳಿರಲಿಲ್ಲ. ನನ್ನ ಮನೆಯಲ್ಲಿ ಆ ಮಾತಿಗೆ ಇರುವುದು ಒಂದೇ ಅರ್ಥ, ಕೈಕಾಲು ತಾವಾಗಿ ಆ ಅರ್ಥದ ಕಡೆ ಹೋಗಿದ್ದವು.

ರೆಕಾರ್ಡ್ ಮಾಡಿದ್ದನ್ನು ತೆಗೆದು ಮತ್ತೆ ಕೇಳಿದೆ. ಸಲಿಕೆ. ಅವರು ಸಲಿಕೆ ಹುಡುಕಿದ್ದು ಗದ್ದೆಗೆ ನೀರು ತಿರುಗಿಸಲು. ಅವರ ಊರಿನಲ್ಲಿ ಜಲಾಶಯದಿಂದ ನೀರು ಬಿಟ್ಟರು ಎಂದರೆ ಕಾಲುವೆಗೆ ಬಿಟ್ಟರು ಎಂದೇ ಅರ್ಥ. ವರ್ಷವಿಡೀ ಅವರು ಕಾಯುವ ಸುದ್ದಿ ಅದು. ತಡಮಾಡಿದರೆ ಮೇಲಿನ ಗದ್ದೆಯವರು ನೀರು ತಿರುಗಿಸಿಕೊಳ್ಳುತ್ತಾರೆ, ಆದ್ದರಿಂದ ಓಡಬೇಕು. ಅವರು ಓಡಿದ್ದರು. ಹೊಳೆ ಏರುವ ಹೊತ್ತಿಗೆ ಅವರನ್ನು ಹೊಳೆಯ ಮಗ್ಗುಲಿಗೇ ಓಡಿಸುವ ವಾಕ್ಯವೊಂದನ್ನು ನಾವು ಎಚ್ಚರಿಕೆ ಎಂದು ಕರೆದಿದ್ದೆವು.

ಇದರಲ್ಲಿ ಇನ್ನೊಂದು ತೊಡಕಿತ್ತು. ಕಾಲುವೆಗೆ ನೀರು ಬಿಡುವುದೂ ಹೊಳೆಗೆ ಬಿಡುವುದೂ ಮಳೆಗಾಲದ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಜಲಾಶಯ ತುಂಬುತ್ತಾ ಬಂದಾಗಲೇ ಎರಡೂ. ಹಾಗಾಗಿ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಬಿಡುವಂತಿರಲಿಲ್ಲ. ಆಟ ಬರೀ ಆಟವೂ ಆಗಿರಲಿಲ್ಲ. ಆಟದ ಆ ವಾಕ್ಯವನ್ನೇ ಪಂಚಾಯಿತಿಗಳ ಮೈಕಿಗೂ ಕೊಡುವುದು ಯೋಜನೆಯ ಮುಂದಿನ ಹಂತ.

ಮರುದಿನ ಸಂಯೋಜಕರ ಮುಂದೆ ಇದನ್ನೆಲ್ಲ ಹೇಳಿದೆ. ಅವರು ತಲೆಯಾಡಿಸುತ್ತಾ ಕೇಳಿದರು.

“ನೀ ಹೇಳೋದು ಖರೇನ ಇರ್ಬೋದಮ್ಮ. ಆದ್ರ ಅದು ಅನುಮೋದನೆ ಆದ ವಾಕ್ಯ. ಎಲ್ಲಾ ತಾಲ್ಲೂಕಿಗೂ ಒಂದ. ಒಂದೂರಿಗೆ ಒಂದೊಂದು ಭಾಷಾ ಮಾಡಾಕ ಆಗ್ತೈತೇನು?”

“ತಪ್ಪು ನಮ್ಮ ವಾಕ್ಯದಾಗ ಐತಿ ಸರ್. ಜನರಾಗ ಇಲ್ಲ.”

“ಮತ್ತ ಅರಿವು ಕಡಿಮಿ ಅಂತ ಬರದಾಕಿ ನೀನ ಅಲ್ಲೇನು?”

ಆ ಸಾಲನ್ನು ಹೊಡೆದುಹಾಕುತ್ತೇನೆ ಎಂದೆ. ಆಗಲೇ ಮೇಲಕ್ಕೆ ಕಳಿಸಿಯಾಗಿದೆ ಎಂದರು.

ಅಪ್ಪಣೆಯಿಲ್ಲದೆ ನಾನು ಮಾಡಿದ ಮೊದಲ ಕೆಲಸ, ಆ ವಾರದ ರಜೆಯ ದಿನ ಒಬ್ಬಳೇ ಬಸ್ಸು ಹತ್ತಿ ಆ ಊರಿಗೆ ಹೋದದ್ದು. ಸಂಘದವರನ್ನು ಕೂರಿಸಿಕೊಂಡು ಟ್ಯಾಬ್ ತೆಗೆಯದೆ ಕೇಳಿದೆ: ಹೊಳೆ ತುಂಬಿ ಬಂದಾಗ ನೀವು ಒಬ್ಬರಿಗೊಬ್ಬರು ಏನೆಂದು ಹೇಳುತ್ತೀರಿ?

“ಹೊಳಿ ಬಂತು ಅಂತೀವಿ,” ಎಂದರು ಒಬ್ಬರು.

“ಬಂತು ಅಂದ್ರ ಬಂದ ಮ್ಯಾಲೆ ಹೇಳಿದಂಗ ಆತು,” ಅಧ್ಯಕ್ಷೆ ತಡೆದರು. “ಬಂದ ಮ್ಯಾಲೆ ನೀ ಏನು ಹೇಳ್ತಿ, ನಮಗ ಕಣ್ಣಿಲ್ಲೇನು? ಹೊಳಿ ಬರ್ತೈತಿ ಅನ್ನಬೇಕು.”

“ಬರ್ತೈತಿ ಅಂದ್ರ ಯಾವಾಗ? ನಾಳಿಗೋ, ದೀಪಾವಳಿಗೋ?”

“ಲೇ, ಹೊತ್ತು ಮುಳುಗೋದ್ರಾಗ ಅಂತ ಸೇರ್ಸು.”

“ಅದೂ ಸಾಲಂಗಿಲ್ಲ. ಕಾಲುವಿಗಲ್ಲ ಅಂತ ಅನ್ಬೇಕು. ಇಲ್ದಿದ್ರ ನಮ್ಮನಿಯವ್ರು ಸಲಿಕಿ ಹೊತ್ಗೊಂಡು ನಡದ ಬಿಡ್ತಾರ. ಅವ್ರಿಗೆ ಅರ್ಧ ಮಾತ ಸಾಕು.”

ಒಂದು ತಾಸಿನ ಜಗಳದ ನಂತರ ಮೂರು ತುಂಡಿನ ಒಂದು ಮಾತು ಉಳಿಯಿತು: ‘ಹೊಳಿ ಬರ್ತೈತಿ. ಕಾಲುವಿಗಲ್ಲ, ಹೊಳಿಗೆ ಬಿಟ್ಟಾರ. ಶಾಲಿಗೆ ನಡೀರಿ.’ ಮೂರನೆಯದನ್ನು ಆಟದಲ್ಲಿ ಹಾಕಲಾಗದು, ಅದು ಉತ್ತರ ಹೇಳಿಕೊಟ್ಟಂತೆ ಎಂದೆ. “ಆಟಕ್ಕ ಬ್ಯಾಡ, ಮೈಕಿಗೆ ಇರ್ಲಿ,” ಎಂದು ಅವರೇ ಬಗೆಹರಿಸಿದರು.

ಧ್ವನಿ ಯಾರದ್ದು ಎಂಬುದಕ್ಕೆ ಚರ್ಚೆಯೇ ನಡೆಯಲಿಲ್ಲ. ಪಂಚಾಯಿತಿಯಲ್ಲಿ ನಳದ ನೀರು ಬಿಡುವವರು ಒಬ್ಬರಿದ್ದಾರೆ. ಮೈಕಿನಲ್ಲಿ ಏನು ಸಾರಬೇಕಾದರೂ ಸಾರುವವರು ಅವರೇ. ಅವರು ಬಂದು, ಮೊದಲು ಗಂಟಲು ಸರಿಮಾಡಿಕೊಂಡು, ಪುಸ್ತಕದ ಕನ್ನಡದಲ್ಲಿ ಶುರುಮಾಡಿದರು. “ಟಿವಿಯವರಂಗ ಬ್ಯಾಡೋ ಮಾರಾಯ, ನೀ ಒದರ್ದಂಗ ಒದರು,” ಎಂದು ಎಲ್ಲರೂ ಬೈದ ಮೇಲೆ ಸರಿಯಾಗಿ ಹೇಳಿದರು.

ಆಡಿದವರಿಗೇ ಮತ್ತೆ ಆಡಿಸಿದರೆ ಫಲಿತಾಂಶಕ್ಕೆ ಅರ್ಥವಿಲ್ಲ. ಅವರಿಗೆ ಉತ್ತರ ಗೊತ್ತಾಗಿರುತ್ತದೆ. ಅದಕ್ಕೆ ಧ್ವನಿ ಬದಲಿಸಿದ ಟ್ಯಾಬ್‌ಗಳನ್ನು ಅದೇ ಊರಿನ ಇನ್ನೊಂದು ಓಣಿಗೆ, ಆಟವನ್ನು ಕಂಡೇ ಇರದವರ ಹತ್ತಿರ ಒಯ್ದೆ. ನಕ್ಷೆ ಅದೇ, ಸಮಯ ಅದೇ, ಅಂಕದ ಲೆಕ್ಕವೂ ಅದೇ. ಬದಲಾದದ್ದು ಮಾತು ಮತ್ತು ಕಂಠ. ಗೆರೆಗಳು ಮೇಲಕ್ಕೆ ಹೋದವು. ಎಲ್ಲವೂ ಅಲ್ಲ. ಕೆಲವು ಈಗಲೂ ಹೊಳೆಗೇ ಇಳಿದವು. ಕೇಳಿದರೆ, “ಪಂಪ್‌ಸೆಟ್ಟಿನ ಮೋಟರ್ ಎತ್ತಬ್ಯಾಡೇನ್ರಿ? ಅದು ನಿಮ್ಮ ಟ್ಯಾಬಿನ್ಯಾಗ ಇಲ್ಲ, ನಮ್ಮ ದಂಡಿ ಮ್ಯಾಲೈತಿ,” ಎಂದರು. ಅದು ವಾಕ್ಯ ತಿದ್ದಿದರೆ ಹೋಗುವ ತೊಂದರೆಯಲ್ಲ. ಮೋಟರನ್ನು ಯಾವಾಗ ಎತ್ತಿಡಬೇಕು ಎಂಬ ಇನ್ನೊಂದು ಹಂತವೇ ಆಟದಲ್ಲಿ ಬೇಕಿತ್ತು. ಅದನ್ನು ನನಗೆ ಇವತ್ತಿಗೂ ಪೂರ್ತಿ ಮಾಡಲಾಗಿಲ್ಲ.

ಹೊಸ ದಾಖಲೆಯನ್ನು ತೋರಿಸಿದಾಗ ಸಂಯೋಜಕರು ಮೊದಲ ಸಲ ದನಿ ಏರಿಸಿದರು. “ಯಾರು ಕೇಳಿ ಮಾಡ್ದಿ ಇದನ್ನ? ಸಮಿತಿ ಬರೋದು ನಾಳಿದ್ದು ಐತಿ. ಅನುಮೋದನೆ ಆದ ಆಟಾನ ತೋರಿಸ್ತೀವಿ. ಅಧ್ಯಕ್ಷೆಗೆ ನಾ ಹೇಳಿಕೊಡ್ತೀನಿ. ನೀನು ಬಟನ್ ಒತ್ತು, ಅಷ್ಟ ಸಾಕು.”

ಹೊಸಪೇಟೆಯ ಸಭಾಂಗಣದಲ್ಲಿ ಸಮಿತಿಯವರು, ಇತರ ಸಂಸ್ಥೆಗಳವರು, ನಮ್ಮವರು ಸೇರಿದ್ದರು. ಸಂಘದ ಅಧ್ಯಕ್ಷೆಯನ್ನು ಜೀಪಿನಲ್ಲಿ ಕರೆತಂದಿದ್ದರು. ದಾರಿಯುದ್ದಕ್ಕೂ ಪಾಠವಾಗಿತ್ತು. ನನ್ನ ಪಕ್ಕ ಕೂತು ಪಿಸುಗುಟ್ಟಿದರು: “ಎಡಕ್ಕ ಒತ್ತು, ಮ್ಯಾಲೆ ಎಳಿ, ನಗು, ನಮಸ್ಕಾರ ಮಾಡು ಅಂದಾರ. ಮದ್ವಿ ಹೆಣ್ಣು ಮಾಡ್ಯಾರ ನೋಡು ನನ್ನ.” ಆಮೇಲೆ ನಗದೆ ಕೇಳಿದರು: “ನಾ ಇಲ್ಲಿ ಒತ್ತಿದ್ರ ಊರಾಗ ಮೈಕಿನ್ಯಾಗ ಅದ ಹಳೇ ಮಾತು ಬರ್ತೈತೇನು?”

ಹೌದು ಎಂದೆ.

“ಹಂಗಾದ್ರ ನನ್ನ ಯಾಕ ಕರ್ಕಂಡ್ ಬಂದೀರಿ? ನಮ್ಮನಿಯವ್ರ ಕಿವಿಗೆ ಬೀಳೋದು ಅದ ಅಲ್ಲೇನು?”

ನಾನು ಸಭೆಗಳಲ್ಲಿ ಮಾತಾಡುವವಳಲ್ಲ. ನನ್ನ ಕೆಲಸ ಕಾಗದದ ಮೇಲೆ ಮಾತಾಡಿದರೆ ಸಾಕು ಎಂದುಕೊಂಡೇ ಬಂದವಳು. ಆದರೆ ನಾನು ಬರೆದ ಸಾಲು ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ನಿಂತಿತ್ತು, ಆ ಸಾಲು ಯಾರ ಬಗ್ಗೆಯೋ ಅವರೇ ಪಕ್ಕದಲ್ಲಿ ಕೂತಿದ್ದರು. ಸಂಯೋಜಕರು ಆಟ ಶುರುಮಾಡು ಎಂದು ಕೈಮಾಡಿದಾಗ ಎದ್ದು ನಿಂತೆ. ಆಟಕ್ಕೆ ಮೊದಲು ಎಲ್ಲರಿಂದಲೂ ಒಂದು ಸಣ್ಣ ಕೆಲಸ ಬೇಕು ಎಂದೆ. ಚೀಟಿಗಳನ್ನು ಹಂಚಿದೆ. ಹೆಸರು ಬರೆಯಬೇಕಿಲ್ಲ. ಈಗ ಒಂದು ಧ್ವನಿ ಕೇಳಿಸುತ್ತೇನೆ, ಅದು ಕಿವಿಗೆ ಬಿದ್ದ ಕೂಡಲೇ ನಿಮ್ಮ ಮನೆಯಲ್ಲಿ ನೀವು ಮೊದಲು ಏನು ಮಾಡುತ್ತೀರೋ ಒಂದು ಸಾಲು ಬರೆಯಿರಿ.

“ಗಮನಿಸಿ. ಜಲಾಶಯದಿಂದ ನೀರು ಬಿಡಲಾಗಿದೆ.”

ಚೀಟಿ ಕೂಡಿಸಿಕೊಂಡು ಅಲ್ಲೇ ನಿಂತು ಓದಿದೆ. ‘ಮನೆಯವರನ್ನು ಕರೆದುಕೊಂಡು ಡ್ಯಾಮ್ ನೋಡಲು ಹೋಗುತ್ತೇನೆ.’ ‘ಸ್ನೇಹಿತರಿಗೆ ಫೋನ್ ಮಾಡಿ ಗೇಟು ಎಷ್ಟು ತೆಗೆದಿದ್ದಾರೆ ಎಂದು ಕೇಳಿ ಹೊರಡುತ್ತೇನೆ.’ ‘ಹಂಪಿಗೆ ಹೋಗಿ ಹೊಳೆಯೊಳಗಿನ ಮಂಟಪ ಮುಳುಗಿದೆಯೇ ನೋಡುತ್ತೇನೆ.’ ‘ಕಂಪ್ಲಿ ಸೇತುವೆಯ ಹತ್ತಿರ ವಿಡಿಯೋ.’ ಒಂದರಲ್ಲಿ ‘ಮಿರ್ಚಿ ಭಜಿ ಕಟ್ಟಿಸಿಕೊಂಡು’ ಎಂಬುದೂ ಸೇರಿತ್ತು. ಒಂದೆರಡು ಖಾಲಿ ಇದ್ದವು. ಎತ್ತರದ ಜಾಗಕ್ಕೆ ಹೋಗುತ್ತೇನೆ ಎಂದು ಒಬ್ಬರೂ ಬರೆದಿರಲಿಲ್ಲ.

“ನಮ್ಮ ಆಟದ ಲೆಕ್ಕದಲ್ಲಿ ಈ ಕೋಣೆಯಲ್ಲಿ ಚೀಟಿ ಬರೆದವರೆಲ್ಲ ಹೊಳೆಯ ಕಡೆಗೇ ಹೋಗಿದ್ದೀರಿ, ಮುಳುಗಿದ್ದೀರಿ,” ಎಂದೆ. “ಪರದೆಯ ಮೇಲಿನ ಸಾಲು ಸರಿಯಾದರೆ ಅದು ಇಲ್ಲಿರುವವರಿಗೂ ಸೇರಬೇಕು. ಆ ಸಾಲು ಬರೆದವಳು ನಾನು. ಅದು ತಪ್ಪು. ತೆಗೆಯಿರಿ.”

ನನ್ನ ಹಿಂದಿನಿಂದ ಅಧ್ಯಕ್ಷೆಯ ದನಿ: “ಅಲ್ರಿ, ನಾವಾದ್ರೂ ದುಡಿಯಾಕ ಹೋಗಿ ಮುಳುಗಿದ್ವಿ. ನೀವು ಮಿರ್ಚಿ ತಿನ್ನಾಕ ಹೋಗಿ ಮುಳುಗಿದ್ರಲ್ಲ!”

ಎಲ್ಲರೂ ನಕ್ಕರು. ಸಂಯೋಜಕರು ಮಾತ್ರ ನಗಲಿಲ್ಲ. ಸಮಿತಿಯ ಹಿರಿಯರು ಒಬ್ಬರು, ನಿವೃತ್ತ ಎಂಜಿನಿಯರ್, ಹೊಸ ಧ್ವನಿಯನ್ನು ಎರಡು ಸಲ ಹಾಕಿಸಿ ಕೇಳಿದರು. ಚೆನ್ನಾಗಿದೆ ಎಂದರು. ಆದರೆ ಅನುಮೋದನೆಯಾದ ವಾಕ್ಯವನ್ನು ಒಂದು ಸಭೆಯಲ್ಲಿ ಬದಲಿಸಲಾಗದು, ಮೇಲಕ್ಕೆ ಬರೆಯೋಣ, ಅಲ್ಲಿಯವರೆಗೆ ಹಳೆಯದೇ ಇರಲಿ ಎಂದರು.

ಗೆದ್ದೆ ಎಂದು ಅನಿಸಲಿಲ್ಲ. ಅಂತಿಮ ವರದಿ ನನ್ನ ಸಹಿಗೆ ಬಂತು. ನನ್ನ ಸಾಲು ಮೊದಲ ಪುಟದಲ್ಲಿ ಹಾಗೆಯೇ ಇತ್ತು. ಸಹಿ ಹಾಕಲಿಲ್ಲ. ವಾರದ ನಂತರ ಒಂದು ಪತ್ರ ಬಂತು: ಆ ಊರಿನಲ್ಲಿ ಬಿಟ್ಟುಬಂದ ಹೊಸ ಧ್ವನಿಯ ಟ್ಯಾಬ್‌ಗಳಲ್ಲಿ ಮೂಲ ಧ್ವನಿಯನ್ನು ಮರಳಿ ಹಾಕತಕ್ಕದ್ದು. ಉತ್ತರ ಬರೆದೆ: ‘ಈ ಕೆಲಸ ನಾನು ಮಾಡುವುದಿಲ್ಲ. ಮೂಲ ಧ್ವನಿ ಜನರನ್ನು ಹೊಳೆಯ ಕಡೆಗೆ ಕಳಿಸುತ್ತದೆ. ದಾಖಲೆಗಳನ್ನು ಲಗತ್ತಿಸಿದ್ದೇನೆ.’ ಅದರಾಚೆ ಒಂದು ಪದವನ್ನೂ ಸೇರಿಸಲಿಲ್ಲ. ನನ್ನನ್ನು ಕಂಪ್ಲಿಯಿಂದ ತೆಗೆದು ಸಂಡೂರಿನ ಹಳ್ಳದ ಆಟಕ್ಕೆ ಹಾಕಿದರು. ಧ್ವನಿ ಬದಲಿಸಲು ಆ ಊರಿಗೆ ಬೇರೆ ಯಾರೂ ಹೋಗಲಿಲ್ಲ. ಮರೆತರೋ, ಬೇಡವೆಂದು ಬಿಟ್ಟರೋ ನನಗೆ ತಿಳಿಯದು.

ಆ ಮಳೆಗಾಲ ಜಲಾಶಯ ಬೇಗ ತುಂಬಿತು. ಒಂದು ಮಧ್ಯಾಹ್ನ ಚೋರನೂರಿನಲ್ಲಿ, ಹೊಸ ಆಟವನ್ನು ತೆರೆಯುವ ಮೊದಲು, ಹಳ್ಳ ಬಂದರೆ ನೀವು ಏನನ್ನುತ್ತೀರಿ ಎಂದು ಅಲ್ಲಿಯವರನ್ನು ಕೇಳುತ್ತಾ ಕೂತಿದ್ದೆ. ಫೋನ್ ಬಂತು. ಸಂಘದ ಅಧ್ಯಕ್ಷೆ.

“ತಂಗಿ, ಕೇಳಸ್ತೈತೇನು? ಹಿಡಿ, ಹಿಡಿ,” ಎಂದು ಫೋನನ್ನು ಮೈಕಿನ ಕಡೆ ಎತ್ತಿದರು.

ನಳದ ನೀರು ಬಿಡುವವರ ದನಿ. ಮೊದಲು ಪುಸ್ತಕದ ಕನ್ನಡದಲ್ಲಿ, ತಡೆತಡೆದು: “ಗಮನಿಸಿ. ಜಲಾಶಯದಿಂದ ನೀರು ಬಿಡಲಾಗಿದೆ.” ಆಮೇಲೆ ಉಸಿರು ಎಳೆದುಕೊಂಡ ಸದ್ದು. “ಇದು ಮ್ಯಾಲಿನವ್ರ ಮಾತು, ಓದೀನಿ. ಈಗ ನಮ್ಮ ಮಾತು ಕೇಳ್ರಿ. ಹೊಳಿ ಬರ್ತೈತಿ! ಕಾಲುವಿಗಲ್ಲ, ಹೊಳಿಗೆ ಬಿಟ್ಟಾರ! ಶಾಲಿಗೆ ನಡೀರಿ! ಸಲಿಕಿ ಹಿಡ್ದೋರು ಸಲಿಕಿ ಇಟ್ಟು ನಡೀರಿ!”

ಸಂಜೆಯ ಹೊತ್ತಿಗೆ ಫೋಟೋಗಳು ಬಂದವು. ಶಾಲೆಯ ಪಡಸಾಲೆ ತುಂಬ ಜನ, ಗಂಟುಗಳು, ಎರಡು ಕರು. ಕೆಳಗೆ ಗದ್ದೆಗಳಿದ್ದಲ್ಲಿ ಕೆಂಚು ನೀರು. ಮೋಟರ್ ಎತ್ತಲು ಹೊರಟಿದ್ದ ಇಬ್ಬರನ್ನು ಹಿಡಿದು ತಂದೆವು, ಅವರ ಮೋಟರುಗಳು ಹೋದವು, ಅವರು ಇನ್ನೂ ಬೈಯುತ್ತಿದ್ದಾರೆ ಎಂದು ಅಧ್ಯಕ್ಷೆ ಸಂದೇಶದಲ್ಲಿ ಹೇಳಿದ್ದರು. ಜನರಿಗೆ ಏನೂ ಆಗಿರಲಿಲ್ಲ.

ಎರಡು ದಿನ ಬಿಟ್ಟು ಸಂಯೋಜಕರ ಫೋನ್ ಬಂತು. ದನಿಯಲ್ಲಿ ಹಳೆಯ ಮುನಿಸು ಇರಲಿಲ್ಲ.

“ಸುದ್ದಿ ಕೇಳೀನಮ್ಮ. ಭಾಳ ಖುಷಿ ಆತು. ಆ ಫೋಟೋ ನಿನ್ನ ಹತ್ರ ಅದಾವಂತಲ್ಲ? ಕಳ್ಸು, ವರದಿಗೆ ಹಾಕೋಣ. ನಮ್ಮ ಆಟದಿಂದ ಊರ ಉಳೀತು ಅಂತ.”

“ವಾಕ್ಯ ಬದಲಾತೇನ್ರಿ ಸರ್? ಹೊಳಿ ಕೆಳಗಿನ ಉಳಿದ ಊರುಗಳ ಮೈಕಿಗೆ ಇನ್ನೂ ಹಳೇದ ಹೋಗ್ತೈತೇನು?”

“ಅದು ನನ್ನ ಕೈಯಾಗ ಇಲ್ಲಮ್ಮ.”

“ಹಂಗಾದ್ರ ಫೋಟೋನೂ ನನ್ನ ಕೈಯಾಗ ಇಲ್ಲ ಸರ್,” ಎಂದೆ. “ವಾಕ್ಯ ಬದಲಾದ ದಿನ ಹೇಳ್ರಿ, ಕಳಿಸ್ತೀನಿ.”